ಆನೆಯಲ್ಲಿಯೂ ಕ್ಷಮೆ ಕೇಳೋಣ

ಕ್ಷಮಾವಣಿಯ ನಿಮಿತ್ತ 2025ರ ಸೆಪ್ಟೆಂಬರಿನಲ್ಲಿ ತುರ್ಭೆಯಲ್ಲಿ ಸೇರಿದ್ದ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ



ಹತ್ತು ದಿನಗಳ ದಶಲಕ್ಷಣ ಪರ್ವವನ್ನು ಮುಗಿಸಿ ನಾವಿಂದು ಕ್ಷಮಾವಣಿಗಾಗಿ ಸೇರಿದ್ದೇವೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರಲ್ಲೊಬ್ಬರು ಕೈಮುಗಿದು ಕ್ಷಮೆ ಕೇಳುತ್ತೇವೆ. ಈ ಪ್ರಾರ್ಥನೆ ಬಂಧುಬಳಗಕ್ಕೆ ಮಾತ್ರ ಸಲ್ಲುವುದಲ್ಲ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಕಲ ಜೀವರಾಶಿಗೂ ಸಲ್ಲುವಂಥದು. ಆದರೆ ನಮ್ಮ ಸಂದೇಶಗಳು ಮೊಬೈಲಿನಲ್ಲಿ ಹೆಸರಿರುವವರಿಗೆ ಮಾತ್ರ ತಲುಪುತ್ತವೆ.

ಧಾರ್ಮಿಕ ಟ್ರಸ್ಟುಗಳ ಲೆಕ್ಕಪತ್ರದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕರೆದಿದ್ದರು. ಆ ವಿಷಯವನ್ನು ಕೊನೆಯಲ್ಲಿ ಖಂಡಿತ ಪ್ರಸ್ತಾಪಿಸುತ್ತೇನೆ. ಅದಕ್ಕೂ ಮೊದಲು, ಈ ವರ್ಷ ನಮ್ಮ ಸಮಾಜವನ್ನು ಬೀದಿಗೆ ತಂದ ಒಂದು ಜೀವದ ಬಗ್ಗೆ ಮಾತನಾಡಲು ಅಪ್ಪಣೆ ಬೇಡುತ್ತೇನೆ. ಆ ಜೀವದ ಹೆಸರು ಮಹಾದೇವಿ. ಮಾಧುರಿ ಎಂದೂ ಕರೆಯುತ್ತಾರೆ. ಅದು ನಾಂದಣಿ ಮಠದ ಹೆಣ್ಣಾನೆ.

ಮೊದಲು ನಡೆದದ್ದನ್ನು ಕ್ರಮವಾಗಿ ನೆನಪಿಸುತ್ತೇನೆ. ನಾಂದಣಿ ಇರುವುದು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗಡಿಗೆ ಹತ್ತಿರದಲ್ಲಿ. ಅಲ್ಲಿಯ ಸ್ವಸ್ತಿಶ್ರೀ ಜಿನಸೇನ ಭಟ್ಟಾರಕ ಪಟ್ಟಾಚಾರ್ಯ ಮಹಾಸ್ವಾಮಿ ಸಂಸ್ಥೆಗೆ ಮಹಾರಾಷ್ಟ್ರ ಮತ್ತು ಕರ್ನಾಟಕಗಳ ಏಳುನೂರಕ್ಕೂ ಹೆಚ್ಚು ಊರುಗಳ ಶ್ರಾವಕರು ನಡೆದುಕೊಳ್ಳುತ್ತಾರೆ. ಈ ಸಭೆಯಲ್ಲಿರುವ ಅನೇಕರ ತವರೂರುಗಳೂ ಅವುಗಳಲ್ಲಿ ಸೇರಿವೆ. 1992ರಲ್ಲಿ ಈ ಆನೆ ಕರ್ನಾಟಕದಿಂದ ಮಠಕ್ಕೆ ಬಂದಿತು. ಆನೆಯ ಆರೋಗ್ಯ ಸರಿಯಿಲ್ಲವೆಂದೂ ಅದನ್ನು ಅನುಮತಿಯಿಲ್ಲದೆ ಹೊರರಾಜ್ಯದ ಮೆರವಣಿಗೆಗಳಿಗೆ ಒಯ್ಯಲಾಗಿದೆಯೆಂದೂ ಪೇಟಾ ಸಂಸ್ಥೆಯು ದೂರಿತು. ಉನ್ನತಾಧಿಕಾರ ಸಮಿತಿಯು ವಿಚಾರಣೆ ನಡೆಸಿ, ಆನೆಯನ್ನು ಗುಜರಾತಿನ ಜಾಮನಗರದಲ್ಲಿ ವನತಾರಾಕ್ಕೆ ಸೇರಿದ ಆನೆಗಳ ಟ್ರಸ್ಟಿಗೆ ಒಪ್ಪಿಸಬೇಕೆಂದು ಹೇಳಿತು. ಮಠವು ಬಾಂಬೆ ಹೈಕೋರ್ಟಿನ ಮೊರೆಹೊಕ್ಕಿತು. 2025ರ ಜುಲೈ 16ರಂದು ಹೈಕೋರ್ಟು ಅರ್ಜಿಯನ್ನು ವಜಾ ಮಾಡಿತು; ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಅಂದು ರಾತ್ರಿ ನಾಂದಣಿಯ ಜನ ಕಣ್ಣೀರಿಟ್ಟು ಆನೆಯನ್ನು ಬೀಳ್ಕೊಟ್ಟರು. ಕೆಲವರು ಪೊಲೀಸರ ವಾಹನಗಳ ಮೇಲೆ ಕಲ್ಲು ತೂರಿದರು. ಆಗಸ್ಟ್ 3ರಂದು ನಾಂದಣಿಯಿಂದ ಕೊಲ್ಹಾಪುರದ ಜಿಲ್ಲಾಧಿಕಾರಿ ಕಚೇರಿಯವರೆಗೆ ಸಾವಿರಾರು ಜನ ಮೌನವಾಗಿ ನಡೆದರು. ಎರಡು ಲಕ್ಷಕ್ಕೂ ಮಿಕ್ಕಿ ಸಹಿಗಳು ಸಂಗ್ರಹವಾದವು. ಊರೂರುಗಳಲ್ಲಿ ಜನ ಜಿಯೋ ಸಿಮ್ ಬಿಟ್ಟು ಬೇರೆ ಕಂಪನಿಗೆ ಹೋದರು.

ಆ ಸಹಿಗಳಲ್ಲಿ ನನ್ನದೂ ಒಂದಿತ್ತು. ಸಿಮ್ ಬದಲಿಸಿದವರಲ್ಲಿ ನಾನೂ ಒಬ್ಬ. ಇದನ್ನು ಮುಚ್ಚಿಡಲಾರೆ. ಸಹಿ ಮಾಡಿದ ಮೇಲೆ, ವೃತ್ತಿಯಿಂದ ಬಂದ ಅಭ್ಯಾಸವೊಂದು ನನ್ನನ್ನು ಚುಚ್ಚತೊಡಗಿತು. ದಾಖಲೆಯನ್ನು ಓದದೆ ಯಾವ ಲೆಕ್ಕಕ್ಕೂ ಸಹಿ ಹಾಕದವನು ಇದಕ್ಕೆ ಹೇಗೆ ಹಾಕಿದೆ? ಹೀಗಾಗಿ ತುರ್ಭೆಯಿಂದ ಠಾಣೆಗೆ ಹೋಗಿಬರುವ ಲೋಕಲ್ ರೈಲಿನಲ್ಲಿ ಎರಡು ದಿನ ಕುಳಿತು ಹೈಕೋರ್ಟಿನ ಆದೇಶವನ್ನು ಓದಿದೆ. ಪಾದ ಕೊಳೆತಿರುವುದು, ಉಗುರು ಅತಿಯಾಗಿ ಬೆಳೆದಿರುವುದು, ಕೀಲುನೋವು, ಎಡೆಬಿಡದೆ ತಲೆ ತೂಗುವ ಚಾಳಿ, ಇವೆಲ್ಲ ಆನೆಯ ತಪಾಸಣೆಯಲ್ಲಿ ಕಂಡುಬಂದ ಸಂಗತಿಗಳು. ಮಠದ ಧಾರ್ಮಿಕ ಬಳಕೆಯ ಹಕ್ಕು ಮತ್ತು ಆನೆಯ ನೆಮ್ಮದಿಯ ಬದುಕಿನ ಹಕ್ಕು ಎದುರುಬದುರಾದಾಗ ಆನೆಯ ಕ್ಷೇಮಕ್ಕೇ ಆದ್ಯತೆ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಅದನ್ನು ಓದಿದ ಮೇಲೆ ನನಗೆ ನಾಚಿಕೆಯಾಯಿತು. ಈ ಮಾತನ್ನು ಹೇಳಬೇಕಾದವರು ನಾವಾಗಿರಲಿಲ್ಲವೇ? ಜಗತ್ತಿಗೆ ಅಹಿಂಸೆಯನ್ನು ಕಲಿಸಿದೆವೆಂದು ಹೇಳಿಕೊಳ್ಳುವ ನಮಗೆ ಒಂದು ನ್ಯಾಯಾಲಯ ಅದನ್ನು ಹೇಳಬೇಕಾಯಿತೇ?

ಅನೇಕಾಂತವನ್ನು ಒಪ್ಪುವ ನಾವು ಎದುರಿನವರ ಮಾತಿನಲ್ಲಿರುವ ಸತ್ಯವನ್ನೂ ನೋಡಬೇಕು. ನಾಂದಣಿಯ ಜನರ ಪ್ರೀತಿ ಸುಳ್ಳಲ್ಲ. ಮನೆಮುಂದೆ ಬಂದ ಆನೆಗೆ ಬೆಲ್ಲ ಕೊಟ್ಟು, ಮಕ್ಕಳನ್ನು ಅದರ ಕಾಲಬುಡದಲ್ಲಿ ನಿಲ್ಲಿಸಿ ಬೆಳೆಸಿದ ತಾಯಂದಿರ ಅಳು ನಾಟಕವಲ್ಲ. ಆನೆಯನ್ನು ಒಯ್ಯುವುದಾದರೆ ಸಾವಿರ ಕಿಲೋಮೀಟರಿಗೂ ದೂರದ, ಒಂದು ಉದ್ಯಮ ಮನೆತನದ ಕೇಂದ್ರಕ್ಕೇ ಏಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ವನತಾರಾದ ವ್ಯವಹಾರಗಳನ್ನು ಪರಿಶೀಲಿಸಲು ಸರ್ವೋಚ್ಚ ನ್ಯಾಯಾಲಯವೇ ಆಗಸ್ಟ್ 25ರಂದು ನಿವೃತ್ತ ನ್ಯಾಯಮೂರ್ತಿ ಜೆ. ಚಲಮೇಶ್ವರ ಅವರ ನೇತೃತ್ವದಲ್ಲಿ ವಿಶೇಷ ತನಿಖಾ ತಂಡವನ್ನು ರಚಿಸಿತು. ಅದರ ಫಲ ಏನೇ ಇರಲಿ, ದೇಶದ ವನ್ಯಸಂಪತ್ತು ಖಾಸಗಿ ಅಂಗಳದಲ್ಲಿ ಕಲೆಯುವಾಗ ಲೆಕ್ಕ ಕೇಳುವುದು ಪ್ರಜೆಗಳ ಕರ್ತವ್ಯ. ಆದರೆ ಆನೆ ಜಾಮನಗರದಲ್ಲಿರಬೇಕೋ ನಾಂದಣಿಯಲ್ಲಿರಬೇಕೋ ಎಂಬ ಜಗಳದಲ್ಲಿ ಇನ್ನೊಂದು ಪ್ರಶ್ನೆಯನ್ನು ಎರಡು ಕಡೆಯವರೂ ಕೇಳಲಿಲ್ಲ. ಆನೆ ಯಾರದು ಎಂದು ಎಲ್ಲರೂ ಕೇಳಿದರು. ಆನೆಯೊಂದು ಮಠದ ಆಸ್ತಿಯಾದದ್ದಾದರೂ ಹೇಗೆ ಎಂದು ಯಾರೂ ಕೇಳಲಿಲ್ಲ.

ನ್ಯಾಯಾಲಯದ ದಾಖಲೆಯ ಪ್ರಕಾರ ಮಹಾದೇವಿಗೆ 2025ರಲ್ಲಿ 36 ವರ್ಷ. ಮಠಕ್ಕೆ ಬಂದದ್ದು 1992ರಲ್ಲಿ. ಕಳೆದು ನೋಡಿದರೆ, ಬಂದಾಗ ಅದಕ್ಕೆ ಸುಮಾರು ಮೂರು ವರ್ಷ. ಆನೆಮರಿ ತಾಯಿಯ ಗರ್ಭದಲ್ಲಿಯೇ ಇಪ್ಪತ್ತು, ಇಪ್ಪತ್ತೆರಡು ತಿಂಗಳಿರುತ್ತದೆ. ಹುಟ್ಟಿದ ಮೇಲೆ ಮೂರು ನಾಲ್ಕು ವರ್ಷದವರೆಗೂ ಮೊಲೆಹಾಲು ಕುಡಿಯುತ್ತದೆ. ಕಾಡಿನಲ್ಲಿ ಗಂಡಾನೆ ಪ್ರಾಯಕ್ಕೆ ಬಂದ ಮೇಲೆ ಹಿಂಡನ್ನು ಬಿಟ್ಟು ಹೋಗುತ್ತದೆ. ಹೆಣ್ಣಾನೆ ಹಾಗಲ್ಲ; ಅಜ್ಜಿ, ತಾಯಿ, ಚಿಕ್ಕಮ್ಮ, ಅಕ್ಕತಂಗಿಯರೊಡನೆ ಜೀವಮಾನವಿಡೀ ಉಳಿಯುತ್ತದೆ. ಬರಗಾಲದಲ್ಲಿ ನೀರೆಲ್ಲಿ ಸಿಕ್ಕುವುದೆಂಬ ನೆನಪು ಹಿರಿಯ ಹೆಣ್ಣಾನೆಯದು. ಅದು ನಡೆದ ದಾರಿಯಲ್ಲಿಯೇ ಉಳಿದವು ನಡೆಯುತ್ತವೆ. ದಿನದ ಬಹುಪಾಲು ಗಂಟೆಗಳನ್ನು ಮೇಯುತ್ತಾ ನಡೆಯುತ್ತಾ ಕಳೆಯುವ ಪ್ರಾಣಿ ಅದು. ನೂರು ಕಿಲೋಗೂ ಮಿಕ್ಕಿ ಹುಲ್ಲು, ಬಿದಿರು, ತೊಗಟೆ, ಎಲೆ ತಿನ್ನುತ್ತದೆ. ಅದರ ಪಾದ ಮಣ್ಣಿಗಾಗಿ, ಹುಲ್ಲಿಗಾಗಿ ರೂಪುಗೊಂಡ ಮೆತ್ತನೆಯ ಪಾದ. ಕಾಂಕ್ರೀಟಿನ ಮೇಲೆ, ತನ್ನದೇ ಮೂತ್ರದ ತೇವದಲ್ಲಿ ನಿಂತರೆ ಆ ಪಾದ ಕೊಳೆಯುತ್ತದೆ. ವಾದ್ಯಕ್ಕೆ ಸರಿಯಾಗಿ ಆನೆ ತಲೆದೂಗುತ್ತಿದೆಯೆಂದು ನಾವು ಸಂತೋಷಪಡುತ್ತೇವೆ. ಪಶುವೈದ್ಯರ ಪ್ರಕಾರ ಅದು ಒಂಟಿತನ ಮತ್ತು ಬಂಧನದಿಂದ ಹುಟ್ಟುವ ಮನೋವ್ಯಾಧಿಯ ಲಕ್ಷಣ.

33 ವರ್ಷಗಳ ಕಾಲ ಆ ಹೆಣ್ಣಾನೆಗೆ ಪ್ರೀತಿಸುವ ಜನರಿಗೇನೂ ಕೊರತೆಯಿರಲಿಲ್ಲ. ಇಲ್ಲದಿದ್ದದ್ದು ಇನ್ನೊಂದು ಆನೆ.

ಬಂಧುಗಳೇ, ಈಗ ಶಾಸ್ತ್ರಕ್ಕೆ ಬರುತ್ತೇನೆ. ಇತ್ತೀಚೆಗೆ ಪರ್ವದಲ್ಲಿ ನಾವೆಲ್ಲ ತತ್ತ್ವಾರ್ಥಸೂತ್ರದ ಪಠಣವನ್ನು ಕೇಳಿದೆವು. ಉಮಾಸ್ವಾಮಿಗಳು ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಭೇದಿಸುವುದು, ಮಿತಿಮೀರಿ ಹೊರೆ ಹೇರುವುದು, ಹೊತ್ತಿಗೆ ಅನ್ನನೀರು ಕೊಡದಿರುವುದು. ಐದರಲ್ಲಿ ಮೊದಲನೆಯದೇ ಬಂಧ. ಕೊಂದರೆ ಮಾತ್ರ ಹಿಂಸೆಯೆಂದು ಆಚಾರ್ಯರು ಹೇಳಲಿಲ್ಲ. ತನ್ನಿಚ್ಛೆಯಂತೆ ಚಲಿಸುವ ಜೀವವನ್ನು ಕಟ್ಟಿದರೂ ವ್ರತ ಮಲಿನವಾಗುತ್ತದೆಂದರು. ಸರಪಳಿ, ಅಂಕುಶ, ಬಿಸಿಲಿನಲ್ಲಿ ಅಂಬಾರಿ, ಮೆರವಣಿಗೆ ಮುಗಿಯುವವರೆಗೆ ನೀರಿಲ್ಲದ ನಿಲುವು, ಇವುಗಳನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಪೇಟಾದವರ ದೂರಿಗಿಂತ ಉಮಾಸ್ವಾಮಿಗಳ ಪಟ್ಟಿ ನಮಗೆ ಹೆಚ್ಚು ಕಠಿಣವಾಗಿದೆ.

ಪರಿಗ್ರಹದ ಪಟ್ಟಿಯೂ ಹಾಗೆಯೇ. ಹೊಲ, ಮನೆ, ಚಿನ್ನ, ಬೆಳ್ಳಿಗಳ ಜೊತೆಗೆ ನಮ್ಮ ಆಚಾರ್ಯರು ನಾಲ್ಕು ಕಾಲಿನ ಪ್ರಾಣಿಗಳನ್ನೂ ಮಿತಿಗೊಳಿಸಬೇಕಾದ ಸ್ವತ್ತುಗಳಲ್ಲಿ ಎಣಿಸಿದರು. ಮಠವೂ ಟ್ರಸ್ಟೂ ಆನೆಯ ಒಡೆತನದ ಪತ್ರ ಹಿಡಿದು ನ್ಯಾಯಾಲಯದಲ್ಲಿ ನಿಂತಾಗ ನಾವು ಅಪರಿಗ್ರಹದಿಂದ ಎಷ್ಟು ದೂರ ಬಂದಿದ್ದೇವೆಂಬುದು ಕಾಣುತ್ತದೆ.

ಇದು ನಾಂದಣಿಯೊಂದರ ಮಾತಲ್ಲ. ನನಗೆ ಹತ್ತು ವರ್ಷವಾಗಿದ್ದಾಗ ನಮ್ಮ ಕಡೆಯ ಒಂದೂರಿನಲ್ಲಿ ಪಂಚಕಲ್ಯಾಣ ನಡೆಯಿತು. ಸೌಧರ್ಮೇಂದ್ರನಾಗಿ ಆನೆಯ ಮೇಲೆ ಕುಳಿತುಕೊಳ್ಳುವ ಗೌರವಕ್ಕೆ ಸವಾಲು ಕೂಗಿದರು. ನನ್ನ ತಂದೆಯವರು ಮೂರನೆಯ ಸವಾಲಿನವರೆಗೆ ಹೋಗಿ ಕೈಬಿಟ್ಟರು. ಅಂದು ರಾತ್ರಿ ನಾನು ಊಟ ಮಾಡದೆ ಅತ್ತೆ. ಬಾಡಿಗೆಗೆ ತಂದಿದ್ದ ಆ ಆನೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಪೆಂಡಾಲಿನ ಹೊರಗೆ ಬಿಸಿಲಿನಲ್ಲಿ ನಿಂತಿತ್ತು. ಅದರ ಹಿಂಗಾಲಿನ ಸರಪಳಿಯ ಕೆಳಗೆ ಹಸಿಗಾಯವಿತ್ತು, ಅದಕ್ಕೆ ಅರಿಸಿನ ಹಚ್ಚಿದ್ದರು. ಅದನ್ನು ನಾನು ನೋಡಿದ್ದೆ. ಆದರೆ ನನ್ನ ಅಳು ಅದಕ್ಕಾಗಿರಲಿಲ್ಲ. ದೊಡ್ಡವನಾದ ಮೇಲೆ ಇಂಥ ಉತ್ಸವಗಳ ಲೆಕ್ಕವನ್ನು ನಾನೇ ಬರೆದಿದ್ದೇನೆ. ಸವಾಲಿನ ಹಣ ಜಮೆಯ ಕಡೆಗೆ, ಆನೆಯ ಬಾಡಿಗೆ ಖರ್ಚಿನ ಕಡೆಗೆ. ಎರಡೂ ಕಡೆ ಮೊತ್ತ ತಾಳೆಯಾಗುತ್ತಿತ್ತು, ನಾನು ಸಹಿ ಹಾಕುತ್ತಿದ್ದೆ. ಆನೆಯ ಗಾಯಕ್ಕೆ ಯಾವ ಕಾಲಮೂ ಇರಲಿಲ್ಲ.

ಆನೆ ನಮ್ಮ ಧರ್ಮಕ್ಕೆ ಪರಕೀಯವಲ್ಲ. ತೀರ್ಥಂಕರರ ಮಾತೆ ಕಾಣುವ ಶುಭಸ್ವಪ್ನಗಳಲ್ಲಿ ಮೊದಲನೆಯದೇ ಆನೆ. ಅಜಿತನಾಥರ ಲಾಂಛನ ಆನೆ, ಶ್ರೇಯಾಂಸನಾಥರದು ಖಡ್ಗಮೃಗ, ವಿಮಲನಾಥರದು ಕಾಡುಹಂದಿ, ಶಾಂತಿನಾಥರದು ಜಿಂಕೆ, ಮಹಾವೀರರದು ಸಿಂಹ. ಕಾಡು ಮತ್ತು ಹುಲ್ಲುಗಾವಲಿನ ಒಂದು ಇಡೀ ಬಳಗವೇ ನಮ್ಮ ಜಿನಬಿಂಬಗಳ ಪೀಠದಲ್ಲಿದೆ. ಸಿಂಹಲಾಂಛನವಿದೆಯೆಂದು ಯಾರೂ ಬಸದಿಯಲ್ಲಿ ಸಿಂಹವನ್ನು ಕಟ್ಟಿಲ್ಲ. ಆನೆ ಮಾತ್ರ ಏಕೆ ಕಟ್ಟಿಗೆ ಸಿಕ್ಕಿತೆಂದರೆ, ಅದು ಹೇಳಿದ ಮಾತು ಕೇಳುತ್ತದೆ ಎಂಬ ಒಂದೇ ಕಾರಣಕ್ಕೆ.

ಪುರಾಣಗಳಲ್ಲಿ ಬರುವ ಎರಡು ಆನೆಗಳನ್ನು ನೆನಪಿಸಿಕೊಳ್ಳೋಣ. ಪಾರ್ಶ್ವನಾಥರ ಜೀವವು ಹಿಂದಿನ ಒಂದು ಭವದಲ್ಲಿ ವಜ್ರಘೋಷವೆಂಬ ಕಾಡಾನೆಯಾಗಿತ್ತು. ಅರವಿಂದ ಮುನಿಗಳ ಉಪದೇಶದಿಂದ ಆ ಆನೆ ಅಣುವ್ರತಗಳನ್ನು ಸ್ವೀಕರಿಸಿತು. ನೆಲ ನೋಡಿ ಹೆಜ್ಜೆಯಿಟ್ಟು, ಬೇರೆ ಆನೆಗಳು ಕಲಕಿಬಿಟ್ಟ ನೀರನ್ನೇ ಕುಡಿಯಿತು. ಮುನಿಗಳು ಆನೆಗೆ ವ್ರತವನ್ನು ಕೊಟ್ಟರು, ಸರಪಳಿಯನ್ನು ಕೊಡಲಿಲ್ಲ. ಅದು ಕಾಡಿನಲ್ಲಿಯೇ ಶ್ರಾವಕನಾಗಿ ಬಾಳಿತು.

ಎರಡನೆಯದು ಶ್ವೇತಾಂಬರ ಪರಂಪರೆಯ ಜ್ಞಾತಾಧರ್ಮಕಥಾದ ಆನೆ, ಮೇರುಪ್ರಭ. ಕಾಳ್ಗಿಚ್ಚನ್ನು ಕಂಡು ಬೆದರಿದ್ದ ಈ ಆನೆ, ಮುಂದೆ ಬೆಂಕಿ ಬಂದಾಗ ಆಶ್ರಯವಿರಲೆಂದು ಕಾಡಿನ ನಡುವೆ ಗಿಡಗಂಟಿ ಕಿತ್ತು ವಿಶಾಲವಾದ ಬಯಲೊಂದನ್ನು ಮಾಡಿಟ್ಟಿತು. ಬೆಂಕಿ ಬಂದ ದಿನ ಸಿಂಹ, ಹುಲಿ, ಜಿಂಕೆ, ನರಿ, ಮೊಲಗಳೆಲ್ಲ ಆ ಬಯಲಿಗೆ ನುಗ್ಗಿದವು. ಮೈ ತುರಿಸಿತೆಂದು ಆನೆ ಒಂದು ಕಾಲೆತ್ತಿದಾಗ ಆ ಜಾಗಕ್ಕೆ ಮೊಲವೊಂದು ಬಂದು ಕುಳಿತಿತು. ಕಾಲಿಟ್ಟರೆ ಮೊಲ ಸಾಯುವುದೆಂದು ಬೆಂಕಿ ಆರುವವರೆಗೆ, ಎರಡೂವರೆ ದಿನ, ಆನೆ ಮೂರೇ ಕಾಲಿನಲ್ಲಿ ನಿಂತಿತು. ಪ್ರಾಣಿಗಳೆಲ್ಲ ಚದುರಿದ ಮೇಲೆ ಕಾಲೂರಲು ಹೋಗಿ ಕುಸಿದು ಸತ್ತಿತು. ಆ ಪುಣ್ಯದಿಂದಲೇ ಅದು ಶ್ರೇಣಿಕ ಮಹಾರಾಜನ ಮಗ ಮೇಘಕುಮಾರನಾಗಿ ಹುಟ್ಟಿತು.

ಈ ಕಥೆಯನ್ನು ನಾವು ಕರುಣೆಯ ದೃಷ್ಟಾಂತವಾಗಿ ಮಕ್ಕಳಿಗೆ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಸತ್ಯವೂ ಇದೆ. ಆನೆಯಿದ್ದಲ್ಲಿ ಉಳಿದ ಪ್ರಾಣಿಗಳಿಗೆ ಜಾಗವಾಗುತ್ತದೆ. ಇಂದಿನ ವನ್ಯಜೀವಿ ಶಾಸ್ತ್ರಜ್ಞರು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಆನೆ ಎಳೆದು ಮುರಿದ ಕೊಂಬೆಯ ಎಲೆಯನ್ನು ಆನಂತರ ಜಿಂಕೆಗಳು ತಿನ್ನುತ್ತವೆ. ಬೇಸಿಗೆಯಲ್ಲಿ ಒಣಗಿದ ಹಳ್ಳದ ಮರಳನ್ನು ಆನೆ ಕೆದರಿ ತೆಗೆದ ಒರತೆಗೆ ಬೇರೆ ಪ್ರಾಣಿಗಳೂ ಬರುತ್ತವೆ. ಆನೆಯ ಲದ್ದಿಯಲ್ಲಿ ಬೀಜಗಳು ದೂರದೂರಕ್ಕೆ ಹೋಗಿ ಮೊಳೆಯುತ್ತವೆ. ಲದ್ದಿಯ ಹುಳುಗಳನ್ನು ಹಕ್ಕಿಗಳು ಹೆಕ್ಕುತ್ತವೆ. ಮರದ ಮೇಲಿನ ಮುಸುವ ಉದುರಿಸಿದ ಚಿಗುರನ್ನು ಜಿಂಕೆ ತಿನ್ನುತ್ತದೆ. ಹುಲಿ ಬಂದರೆ ಮುಸುವ ಮೇಲಿನಿಂದ ಕೂಗಿ ಎಚ್ಚರಿಸುತ್ತದೆ. ಆಫ್ರಿಕದ ಸವನ್ನಾ ಬಯಲಿನಲ್ಲಿ ಆನೆಗಳು ಮರಗಿಡಗಳನ್ನು ಕೆಡವಿ ಹುಲ್ಲುಗಾವಲನ್ನು ತೆರೆದಿಡುವುದರಿಂದ ಜೀಬ್ರಾಗಳಿಗೂ ಹುಲ್ಲೆಗಳಿಗೂ ಮೇವು ಉಳಿಯುತ್ತದೆ. ಕಾಂಗೋದ ದಟ್ಟ ಮಳೆಕಾಡಿನಲ್ಲಿ ಇನ್ನೊಂದು ಜಾತಿಯ ಆನೆ ದೊಡ್ಡ ಮರಗಳ ಬೀಜಗಳನ್ನು ಬಿತ್ತುತ್ತದೆ. ನಮ್ಮ ಏಷ್ಯದ ಆನೆಗೆ ಕಾಡೂ ಬೇಕು, ಹುಲ್ಲುಗಾವಲೂ ಬೇಕು. ಜೈನ ಲಾಂಛನದ ಕೆಳಗೆ ನಾವು ಬರೆದುಕೊಂಡಿರುವ, ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ಸೂತ್ರಕ್ಕೆ ಇದಕ್ಕಿಂತ ಬೇರೆ ಭಾಷ್ಯ ಬೇಕೇ? ಕಾಡಿನಿಂದ ಒಂದು ಆನೆಮರಿಯನ್ನು ತಂದಾಗ ನಾವು ಅದರ ಸ್ವಾತಂತ್ರ್ಯವನ್ನಷ್ಟೇ ಅಲ್ಲ, ಆ ಉಪಕಾರದ ಸರಣಿಯನ್ನೂ ಕಡಿಯುತ್ತೇವೆ.

ಪೂಜ್ಯಭಾವ ಮತ್ತು ಒಡೆತನ ಬೇರೆ ಬೇರೆ. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ರೈಲಿನಲ್ಲಿ ಠಾಣೆಗೆ ಹೋದರೆ ಊರಿನ ಬೆನ್ನಿಗೇ ಯೇವೂರಿನ ಬೆಟ್ಟಗಳಿವೆ. ಅದು ಸುಮಾರು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಂದು ಪಾರ್ಶ್ವ. ಸುತ್ತಲೂ ಕೋಟ್ಯಂತರ ಜನರಿರುವ ಆ ಕಾಡಿನಲ್ಲಿ ಐವತ್ತರ ಆಸುಪಾಸಿನಷ್ಟು ಚಿರತೆಗಳು ಬದುಕುತ್ತಿವೆ. ಅಲ್ಲಿಯ ವಾರ್ಲಿ ಜನ ವಾಘೋಬಾ ಎಂಬ ದೇವರನ್ನು ಪೂಜಿಸುತ್ತಾರೆ. ಕಲ್ಲಿನ ಮೇಲೆ ಅಥವಾ ಮರದ ಮೇಲೆ ಕೆತ್ತಿದ ಹುಲಿ ಅಥವಾ ಚಿರತೆಯೇ ಆ ದೇವರು. ವರ್ಷಕ್ಕೊಮ್ಮೆ ಪೂಜೆ ಸಲ್ಲಿಸಿ ತಮ್ಮನ್ನೂ ದನಕರುಗಳನ್ನೂ ಕಾಯೆಂದು ಬೇಡಿಕೊಳ್ಳುತ್ತಾರೆ. ಅವರು ಪೂಜೆಗೆಂದು ಚಿರತೆಯನ್ನು ಹಿಡಿದು ತಂದವರಲ್ಲ. ಅವರ ಪೂಜೆಯಲ್ಲಿ ಬಲಿಯೂ ಇರುತ್ತದೆ, ಅದನ್ನು ನಾವು ಒಪ್ಪಲಾರೆವು. ಆದರೆ ಕಾಡಿನ ದೇವರನ್ನು ಕಾಡಿನಲ್ಲಿಯೇ ಇರಗೊಡುವ ವಿವೇಕವನ್ನು ಅವರಿಂದ ಕಲಿಯಬಹುದು.

ಚಿರತೆಗಳು ಇನ್ನೊಂದು ಪಾಠವನ್ನೂ ಕಲಿಸಿವೆ. ಪುಣೆ ಜಿಲ್ಲೆಯ ಜುನ್ನರ ಭಾಗದಲ್ಲಿ 2001ರ ನಂತರ ಅರಣ್ಯ ಇಲಾಖೆಯು ಊರಿನ ಬಳಿ ಕಂಡ ಚಿರತೆಗಳನ್ನು ಹಿಡಿದು ದೂರದ ಕಾಡುಗಳಲ್ಲಿ ಬಿಡತೊಡಗಿತು. ಒಳ್ಳೆಯ ಉದ್ದೇಶವೇ. ಆದರೆ ವಿದ್ಯಾ ಆತ್ರೇಯ ಅವರೂ ಸಂಗಡಿಗರೂ ಅಧ್ಯಯನ ಮಾಡಿದಾಗ, ಹೀಗೆ ಸ್ಥಳಾಂತರ ಮಾಡಿದ ಮೇಲೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಿತೆಂದು ಕಂಡುಬಂದಿತು. ನೆಲೆ ತಪ್ಪಿದ ಪ್ರಾಣಿ ತಾನೂ ನೆಮ್ಮದಿಯಾಗಿರುವುದಿಲ್ಲ, ಇತರರನ್ನೂ ನೆಮ್ಮದಿಯಾಗಿರಲು ಬಿಡುವುದಿಲ್ಲ. ವನ್ಯಪ್ರಾಣಿಗೆ ಮಾಡುವ ನಿಜವಾದ ಉಪಕಾರವೆಂದರೆ ಅದರ ನೆಲೆಯನ್ನು ಅದಕ್ಕೆ ಉಳಿಸುವುದು.

ಇದೇ ಕೊಲ್ಹಾಪುರ ಜಿಲ್ಲೆಯಲ್ಲಿ ಇನ್ನೊಂದು ಕಡೆ ನೋಡಿ. 2002ರ ಸುಮಾರಿಗೆ ಕರ್ನಾಟಕದ ದಾಂಡೇಲಿ ಕಡೆಯ ಕಾಡಿನಿಂದ ಕೆಲವು ಆನೆಗಳು ಸಿಂಧುದುರ್ಗದ ದೋಡಾಮಾರ್ಗಕ್ಕೆ ಬಂದವು. ಆಮೇಲೆ ಚಂದಗಡ, ಆಜರಾ ತಾಲೂಕುಗಳವರೆಗೂ ಸಂಚರಿಸತೊಡಗಿದವು. ಗಣಿ, ಅಣೆಕಟ್ಟು, ರಸ್ತೆ, ತೋಟಗಳಿಂದ ತುಂಡಾದ ಕಾಡಿನಲ್ಲಿ ನೆಲೆ ಹುಡುಕುತ್ತ ಬಂದ ಜೀವಗಳು ಅವು. ಅಲ್ಲಿ ಅವು ಕಬ್ಬು, ಭತ್ತ, ಬಾಳೆ, ತೆಂಗುಗಳನ್ನು ತಿನ್ನುತ್ತವೆ. ಒಂದು ರಾತ್ರಿಯಲ್ಲಿ ವರ್ಷದ ದುಡಿಮೆಯನ್ನು ಕಳೆದುಕೊಂಡ ರೈತನು ಬೆಳಿಗ್ಗೆ ಆ ಬೆಳೆಯ ಮುಂದೆ ಕುಳಿತು ಏನು ಮಾಡಬೇಕು? ಆ ರೈತರಿಗಾಗಿಯೂ ಆ ಆನೆಗಳಿಗಾಗಿಯೂ ನಮ್ಮ ಸಮಾಜ ಒಂದು ಮೆರವಣಿಗೆಯನ್ನಾದರೂ ಮಾಡಿದೆಯೇ? ಸರಪಳಿಯಲ್ಲಿರುವ ಒಂದು ಆನೆಗಾಗಿ ನಾಂದಣಿಯಿಂದ ಕೊಲ್ಹಾಪುರದವರೆಗೆ ನಡೆದೆವು. ಅದೇ ಜಿಲ್ಲೆಯ ಸ್ವತಂತ್ರ ಆನೆಗಳಿಗಾಗಿ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಕರ್ನಾಟಕದ 2023ರ ಗಣತಿಯಲ್ಲಿ ಆನೆಗಳ ಸಂಖ್ಯೆ 6,395 ಎಂದು ಅಂದಾಜಾಯಿತು. ದೇಶದಲ್ಲಿಯೇ ಅತಿ ಹೆಚ್ಚು. ಅಂದರೆ ಆನೆಗಳ ವಿಷಯದಲ್ಲಿ ಅತಿದೊಡ್ಡ ಹೊಣೆ ಕನ್ನಡಿಗರದು.

ರಾಜಕೀಯದ ಬಗ್ಗೆಯೂ ನಾಲ್ಕು ಮಾತು ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆನೆ ಮೊದಲನೆಯ ಅನುಸೂಚಿಯ ಪ್ರಾಣಿ. 2022ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು, ಒಡೆತನದ ಪ್ರಮಾಣಪತ್ರವಿದ್ದರೆ ಆನೆಯನ್ನು ಧಾರ್ಮಿಕ ಅಥವಾ ಇನ್ನಾವುದೇ ಉದ್ದೇಶಕ್ಕೆ ವರ್ಗಾಯಿಸಲು ಅವಕಾಶ ಮಾಡಿದರು. ಧಾರ್ಮಿಕ ಎಂಬ ಮಾತಿನಿಂದ ಮಠಮಂದಿರಗಳು ಸಂತೋಷಪಟ್ಟವು. ಇನ್ನಾವುದೇ ಎಂಬ ಮಾತಿನ ಬಾಗಿಲು ಎಷ್ಟು ಅಗಲವೆಂದು ಯಾರೂ ಅಳೆಯಲಿಲ್ಲ. ಅಂದು ಸುಮ್ಮನಿದ್ದ ರಾಜಕಾರಣಿಗಳೇ ಇಂದು ಎಲ್ಲ ಪಕ್ಷಗಳಿಂದಲೂ ನಾಂದಣಿಗೆ ಬಂದು ನಮ್ಮ ಕಣ್ಣೀರೊರಸಿದರು. ಸರ್ಕಾರವು ಮಠದ ಪರವಾಗಿ ನ್ಯಾಯಾಲಯಕ್ಕೆ ಹೋಗುವುದಾಗಿ ಹೇಳಿತು. ವನತಾರಾವು ನಾಂದಣಿಯ ಬಳಿಯಲ್ಲಿಯೇ ಪುನರ್ವಸತಿ ಕೇಂದ್ರ ಕಟ್ಟಿಕೊಡುವ ಪ್ರಸ್ತಾಪವನ್ನು ಮುಂದಿಟ್ಟಿತು. ಅಲ್ಪಸಂಖ್ಯಾತರ ಭಾವನೆಯೊಂದು ಮತಗಳಾಗಿ ಪರಿವರ್ತನೆಯಾಗುವ ವಿಧಾನ ಇದು. ಮಠವನ್ನು ಬೈಯುವುದು ನನ್ನ ಉದ್ದೇಶವಲ್ಲ. ಪೂಜ್ಯ ಭಟ್ಟಾರಕರ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ನೋವನ್ನು ಬಳಸಿಕೊಳ್ಳಲು ಬಂದವರಿಗೆ ಅದನ್ನು ಒಪ್ಪಿಸಿಬಿಡುವುದು ವಿವೇಕವಲ್ಲ.

ಆನೆ ಸಾಕುವುದು ಶತಮಾನಗಳ ಪರಂಪರೆ ಎಂದು ಕೆಲವರು ಹೇಳಬಹುದು. ನಿಜ. ಆದರೆ ಪರಂಪರೆಯನ್ನು ಸಮ್ಯಕ್ತ್ವದ ಒರೆಗೆ ಹಚ್ಚುವುದೂ ನಮ್ಮ ಪರಂಪರೆಯೇ. 1899ರಲ್ಲಿ ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದವರು ಇದೇ ಗಡಿನಾಡಿನ ಜನ. ಶಿಕ್ಷಣಕ್ಕಾಗಿ ಬೋರ್ಡಿಂಗುಗಳನ್ನು ತೆರೆದು, ಸಮಾಜದ ರೂಢಿಗಳನ್ನು ಪ್ರಶ್ನಿಸಿದವರು ಅವರು. ಅವರು ಧರ್ಮವಿರೋಧಿಗಳಾಗಿರಲಿಲ್ಲ.

ಈಗ, ಸಂಘಟಕರು ಕೊಟ್ಟ ವಿಷಯಕ್ಕೆ ಬರುತ್ತೇನೆ. ನಾಲ್ಕು ಸಲಹೆಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ನಮ್ಮ ಯಾವ ಬಸದಿಯೂ ಮಠವೂ ಇನ್ನು ಮುಂದೆ ಹೊಸ ಆನೆಯನ್ನು ತರುವುದಿಲ್ಲ, ಉತ್ಸವಕ್ಕೆ ಬಾಡಿಗೆಗೂ ಪಡೆಯುವುದಿಲ್ಲ ಎಂದು ಠರಾವು ಮಾಡಬೇಕು. ಪಂಚಕಲ್ಯಾಣದ ಐರಾವತ ಮರದ್ದಾಗಿರಲಿ, ರಥವಾಗಿರಲಿ. ಕೇರಳದ ತ್ರಿಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಕೃಷ್ಣ ದೇವಾಲಯವು 2023ರಿಂದ ಯಂತ್ರದ ಆನೆಯಿಂದಲೇ ಸೇವೆ ನಡೆಸುತ್ತಿದೆ. ಅಲ್ಲಿ ಭಕ್ತಿಗೇನೂ ಕುಂದಾಗಿಲ್ಲ.

ಎರಡನೆಯದು, ಮಹಾದೇವಿ ನಾಂದಣಿಗೆ ಮರಳಲಿ, ಜಾಮನಗರದಲ್ಲಿಯೇ ಉಳಿಯಲಿ, ನಾವು ಕೇಳಬೇಕಾದದ್ದು ಮೂರು: ಸರಪಳಿಯಿಲ್ಲದ ನೆಲ, ಜೊತೆಗೆ ಬೇರೆ ಆನೆಗಳು, ಸ್ವತಂತ್ರ ಪಶುವೈದ್ಯರ ಬಹಿರಂಗ ವರದಿ. ಮೆರವಣಿಗೆಗೆ ಅದನ್ನು ಮತ್ತೆ ಕರೆಯುವುದಿಲ್ಲವೆಂದು ಮಠವೇ ಮೊದಲು ಘೋಷಿಸಿದರೆ ನಮ್ಮ ವಾದಕ್ಕೆ ಧರ್ಮದ ಬಲ ಬರುತ್ತದೆ.

ಮೂರನೆಯದು, ನಿಧಿಯ ವಿಷಯ. ಆದಾಯ ತೆರಿಗೆ ಕಾಯ್ದೆಯಲ್ಲಿ ಧರ್ಮಾರ್ಥ ಉದ್ದೇಶವೆಂದರೆ ಏನು ಎಂದು ಹೇಳಿದೆ. ಬಡವರ ಸೇವೆ, ಶಿಕ್ಷಣ, ವೈದ್ಯಕೀಯಗಳ ಜೊತೆಗೆ ಕಾಡು ಮತ್ತು ವನ್ಯಜೀವಿಗಳ ರಕ್ಷಣೆಯೂ ಅದರಲ್ಲಿ ಸೇರಿದೆ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿಯೂ ಪ್ರಾಣಿ ಮತ್ತು ಸಸ್ಯಸಂಕುಲಗಳ ರಕ್ಷಣೆಗೆ ಸ್ಥಾನವಿದೆ. ಗೋಶಾಲೆ ಮತ್ತು ಪಾಂಜರಾಪೋಳಗಳಿಗೆ ಧಾರಾಳವಾಗಿ ಕೊಡುವ ನಮ್ಮ ಟ್ರಸ್ಟುಗಳು ಕಾಡಿನ ಬಾಬತ್ತಿಗೆ ಒಂದು ಕಾಸನ್ನೂ ತೆಗೆದಿಡದಿರುವುದಕ್ಕೆ ಕಾನೂನು ಅಡ್ಡಿಯಲ್ಲ. ಕರ್ನಾಟಕದ ಎಡೆಯಾರಹಳ್ಳಿ ಮತ್ತು ದೊಡ್ಡಸಂಪಿಗೆಗಳ ನಡುವೆ ಆನೆಗಳು ಹಾಯುವ ದಾರಿಯಲ್ಲಿದ್ದ ಸುಮಾರು 25 ಎಕರೆ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಒಪ್ಪಿತ ಬೆಲೆಗೆ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಒಂದು ಉತ್ಸವದಲ್ಲಿ ನಾವು ಕೂಗುವ ಸವಾಲುಗಳನ್ನು ನೆನೆದುಕೊಂಡರೆ, ಇಂಥ ಕೆಲಸ ನಮ್ಮ ಶಕ್ತಿಗೆ ಮೀರಿದ್ದೆಂದು ನನಗನಿಸುವುದಿಲ್ಲ. ಅಭಯದಾನವೆಂದರೆ ಇದೇ ಅಲ್ಲವೇ?

ನಾಲ್ಕನೆಯದು ನನ್ನ ವೃತ್ತಿಯವರಿಗೆ ಮತ್ತು ಯುವಕಯುವತಿಯರಿಗೆ. ಬಂಡೀಪುರ, ನಾಗರಹೊಳೆಗಳ ಸುತ್ತ 2015ರಿಂದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯು ವೈಲ್ಡ್ ಸೇವೆ ಎಂಬ ಕಾರ್ಯಕ್ರಮ ನಡೆಸುತ್ತಿದೆ. ಬೆಳೆ ಹಾಳಾದ ರೈತ ಫೋನು ಮಾಡಿದರೆ ಕಾರ್ಯಕರ್ತರು ಹೊಲಕ್ಕೇ ಬಂದು, ಪರಿಹಾರದ ಅರ್ಜಿ ತುಂಬಿ, ದಾಖಲೆಗಳನ್ನು ಜೋಡಿಸಿ ಇಲಾಖೆಗೆ ಸಲ್ಲಿಸುತ್ತಾರೆ. ಹೊತ್ತಿಗೆ ಸರಿಯಾಗಿ ಪರಿಹಾರ ಸಿಕ್ಕ ರೈತನು ಬೇಲಿಗೆ ಪ್ರಾಣಾಂತಿಕ ವಿದ್ಯುತ್ ಹರಿಸುವ ಯೋಚನೆ ಮಾಡುವುದು ಕಡಿಮೆ. ಅರ್ಜಿ ತುಂಬುವುದು, ಸಾತ್‌ಬಾರಾ ಉತಾರ ಹುಡುಕುವುದು, ಕಚೇರಿಗೆ ಅಲೆಯುವುದು ನಮ್ಮ ನಿತ್ಯದ ಕಸುಬು. ಚಂದಗಡ, ಆಜರಾಗಳ ರೈತರಿಗಾಗಿ ಇದೇ ಕೆಲಸವನ್ನು ನಾವೇಕೆ ಮಾಡಬಾರದು? ತಿಂಗಳಿಗೊಂದು ಭಾನುವಾರವನ್ನು ಕೊಡಲು ನಾನು ಸಿದ್ಧನಿದ್ದೇನೆ. ಜೊತೆಗೆ ಬರುವವರು ಸಭೆ ಮುಗಿದ ಮೇಲೆ ಹೆಸರು ಬರೆಯಿಸಬೇಕೆಂದು ಕೋರುತ್ತೇನೆ. ಈ ಸಲ ನಾನು ಓದಿಯೇ ಸಹಿ ಹಾಕುತ್ತೇನೆ.

ಬಂಧುಗಳೇ, ಮಾತು ಮುಗಿಸುತ್ತೇನೆ. ನನ್ನ ಮಾತುಗಳಿಂದ ಯಾರಿಗಾದರೂ, ವಿಶೇಷವಾಗಿ ನಾಂದಣಿಯ ಭಕ್ತರಿಗೆ, ನೋವಾಗಿದ್ದರೆ ತ್ರಿಕರಣಪೂರ್ವಕವಾಗಿ ಕ್ಷಮೆ ಕೇಳುತ್ತೇನೆ. ಹತ್ತನೆಯ ವಯಸ್ಸಿನಲ್ಲಿ ನಾನು ಕಂಡ, ಅರಿಸಿನ ಹಚ್ಚಿದ ಗಾಯದ ಆ ಆನೆ ಇಂದು ಬದುಕಿದೆಯೋ ಇಲ್ಲವೋ ಗೊತ್ತಿಲ್ಲ. ಅದರಲ್ಲಿಯೂ, ತಾಯಿಯನ್ನು ಬಿಟ್ಟುಬಂದು 33 ವರ್ಷ ನಮ್ಮ ಭಕ್ತಿಯ ಭಾರವನ್ನು ಹೊತ್ತ ಮಹಾದೇವಿಯಲ್ಲಿಯೂ, ಕಬ್ಬಿನ ಗದ್ದೆಗಳ ನಡುವೆ ದಾರಿ ಹುಡುಕುತ್ತಿರುವ ಕಾಡಾನೆಗಳಲ್ಲಿಯೂ ಕ್ಷಮೆ ಕೇಳುತ್ತೇನೆ. ಆನೆ ಕ್ಷಮಿಸುತ್ತದೆಯೋ ಇಲ್ಲವೋ ನಮಗೆ ತಿಳಿಯುವ ಬಗೆಯಿಲ್ಲ. ಮಾಡಿದ ತಪ್ಪನ್ನು ಮತ್ತೆ ಮಾಡದಿರುವುದೇ ಪ್ರತಿಕ್ರಮಣ. ಅದು ಮಾತ್ರ ನಮ್ಮ ಕೈಯಲ್ಲಿದೆ.

ಉತ್ತಮ ಕ್ಷಮೆ. ಜಯ ಜಿನೇಂದ್ರ.